ಎಂಜಿನ್ ಹೌಸಿಂಗ್ ಒಳಗೆ ಮುರಿದು ಕೂತ ಹೀಟರ್ ಹೋಸ್ ಕನೆಕ್ಟರ್: ಹೊರತೆಗೆಯೋದು ಹೇಗೆ?

ಹಸಿರು_ಬಾನೆಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೀಟರ್ ಹೋಸ್ ಕಳಚುವಾಗ ಅದರ ಪ್ಲಾಸ್ಟಿಕ್ ಕನೆಕ್ಟರ್ ಕುತ್ತಿಗೆಯಲ್ಲಿ ಮುರಿದಿದೆ. ಅರ್ಧ ಹೋಸ್ ಜೊತೆ ಬಂತು, ಉಳಿದರ್ಧ ಎಂಜಿನ್ ಹಿಂಬದಿಯ ಅಲ್ಯೂಮಿನಿಯಂ ಕೂಲಂಟ್ ಔಟ್‌ಲೆಟ್ ಹೌಸಿಂಗ್ ಒಳಗೇ ಇದೆ.

ಹೊರಗೆ ಇಕ್ಕಳ ಹಿಡಿಯೋಕೆ ಏನೂ ಉಳಿದಿಲ್ಲ, ಹೌಸಿಂಗ್ ಮುಖಕ್ಕೆ ಸಮವಾಗಿ ತುಂಡಾಗಿದೆ. ಒಳಗುಳಿದ ಮೊಂಡಿನ ಒಳವ್ಯಾಸ 14 ಮಿ.ಮೀ., ಹೊರವ್ಯಾಸ 19 ಮಿ.ಮೀ., ಆಳ ಸುಮಾರು 20 ಮಿ.ಮೀ. ಥ್ರೆಡ್ ಕಾಣ್ತಿಲ್ಲ. ಹೌಸಿಂಗನ್ನೇ ಬಿಚ್ಚೋಣ ಅಂದ್ರೆ ಹಿಂದಿನ ಎರಡು ಬೋಲ್ಟ್‌ಗೆ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಅಡ್ಡ, ಮೇಲೆ ವೈರಿಂಗ್ ಕಟ್ಟು ಬೇರೆ.

ಇದ್ದ ಜಾಗದಲ್ಲೇ ತೆಗೆಯೋಕಾಗುತ್ತಾ? ಈಸಿ-ಔಟ್ (ಮುರಿದ ಬೋಲ್ಟ್ ತೆಗೆಯೋ ಸುರುಳಿ ಹತ್ಯಾರ) ಹಾಕಬಹುದಾ? ಚೂರು ಒಳಗೆ ಬಿದ್ರೆ ಏನು ಗತಿ?

ಸ್ಪ್ಯಾನರ್_13:

ಇದ್ದ ಜಾಗದಲ್ಲೇ ತೆಗೆಯಬಹುದು. ಆದರೆ ಆಯುಧ ಎತ್ತೋ ಮೊದಲು ಅದು ಯಾವುದರಿಂದ ಹಿಡಿದುಕೊಂಡಿದೆ ಅಂತ ಗೊತ್ತಾಗಬೇಕು, ವಿಧಾನ ಪೂರ್ತಿ ಅದರ ಮೇಲೇ ನಿಂತಿದೆ. ಹೊರಬಂದ ಅರ್ಧವನ್ನು, ಸಾಧ್ಯವಾದರೆ ಹೊಸ ಕನೆಕ್ಟರನ್ನು ಪಕ್ಕದಲ್ಲಿಟ್ಟು ನೋಡಿ. ಥ್ರೆಡ್ ಇಲ್ಲದೆ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಉಂಗುರ) ಕೂರುವ ತೋಡು ಇದ್ದರೆ ಒತ್ತಿ ಕೂರಿಸಿದ್ದು, ಅಂದರೆ ಓ-ರಿಂಗ್ ಮತ್ತು ಅದರ ಸುತ್ತ ಕಟ್ಟಿದ ಬಿಳಿ ಕಿಲುಬು ಮಾತ್ರ ಹಿಡಿದಿರುತ್ತೆ. ಕೆಲವದರಲ್ಲಿ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಹೌಸಿಂಗ್ ಪಕ್ಕದಿಂದ ತೂರಿಸಿರ್ತಾರೆ, ಇಲ್ಲವೇ ಒಂದು ಸಣ್ಣ ಪ್ಲೇಟ್ ಬೋಲ್ಟ್ ಹಾಕಿ ಅಮುಕಿರ್ತಾರೆ. ಅದನ್ನು ಬಿಡಿಸದೆ ಎಳೆದರೆ ಎಷ್ಟು ಎಳೆದರೂ ಬರಲ್ಲ, ಅಲ್ಯೂಮಿನಿಯಂ ಅಂಚು ಒಡೆಯುತ್ತೆ ಅಷ್ಟೇ. ಕನ್ನಡಿ, ಟಾರ್ಚ್ ಹಿಡಿದು ಹೌಸಿಂಗ್ ಸುತ್ತ ಸೀಳು ಇದೆಯಾ ನೋಡಿ.

ಯಾಕೆ ಮುರಿಯುತ್ತೆ ಅನ್ನೋದೂ ಗೊತ್ತಿರಲಿ, ತೆಗೆಯುವಾಗ ಅದೇ ಉಪಯೋಗಕ್ಕೆ ಬರುತ್ತೆ. ಇಂಥ ಕನೆಕ್ಟರ್‌ಗಳು ಹೆಚ್ಚಾಗಿ ಗಾಜಿನ ನಾರು ಬೆರೆಸಿದ ನೈಲಾನ್. ವರ್ಷಗಟ್ಟಲೆ 90–105 ಡಿಗ್ರಿ ಕೂಲಂಟ್‌ನಲ್ಲಿ ಬೆಂದು ಅದರ ಬಲ ಹೋಗಿರುತ್ತೆ. ತಣ್ಣಗಿದ್ದಾಗ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ, ಸ್ವಲ್ಪ ಬಿಸಿ ಇದ್ದಾಗ ತುಸು ಬಾಗುತ್ತೆ. ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ, ಆಮೇಲೆ ಮೊಂಡಿಗೆ ಮಾತ್ರ ಹೀಟ್ ಗನ್ ಹಿಡಿದು, ಕೈ ಇಡೋಕಾಗದಷ್ಟು ಬಿಸಿ ಮಾಡಿಕೊಳ್ಳಿ. ಬೆಂಕಿ ಜ್ವಾಲೆ ಬೇಡವೇ ಬೇಡ: ನೀರಿನಂಶ ಆರಿಹೋದ ಗ್ಲೈಕಾಲ್ ಹೊತ್ತಿಕೊಳ್ಳುತ್ತೆ. ಇಳಿಸಿದ ಕೂಲಂಟ್ ಮುಚ್ಚಿಡಿ, ಎಥಿಲೀನ್ ಗ್ಲೈಕಾಲ್ ಸಿಹಿ ವಿಷ. ನಾಯಿ, ಬೆಕ್ಕು, ಮಕ್ಕಳು ಅದರ ಹತ್ತಿರ ಹೋಗಬಾರದು.

ಒತ್ತಿ ಕೂರಿಸಿದ್ದು ಅಂತ ಖಾತ್ರಿಯಾದರೆ ಸೀಳಿ ತೆಗೆಯೋದು ಎಲ್ಲಕ್ಕಿಂತ ಸುರಕ್ಷಿತ. ಮಾಮೂಲಿ ಹ್ಯಾಕ್ಸಾ ಬ್ಲೇಡ್ ಅಗಲವೇ ಸುಮಾರು 12.5 ಮಿ.ಮೀ., ನಿಮ್ಮ 14ರ ತೂತಿನಲ್ಲಿ ಅದು ಆಡಲ್ಲ. ಜೂನಿಯರ್ ಹ್ಯಾಕ್ಸಾದ 6 ಮಿ.ಮೀ. ಬ್ಲೇಡ್ ಅಥವಾ ಸಣ್ಣ ಹಲ್ಲಿನ ಜಿಗ್‌ಸಾ ಬ್ಲೇಡ್ ತಗೊಳ್ಳಿ, ಒಂದು ತುದಿಗೆ ದಪ್ಪಗೆ ಟೇಪ್ ಸುತ್ತಿ ಹಿಡಿ ಮಾಡಿ. ಹಲ್ಲು ನಿಮ್ಮ ಕಡೆ ಇರಲಿ. ಎಳೆಯುವಾಗ ಕೊಯ್ಯಬೇಕು, ತಳ್ಳುವಾಗ ಅಲ್ಲ, ಆಗ ಪುಡಿ ಹೊರಗೆ ಬರುತ್ತೆ. ಗೋಡೆ ದಪ್ಪ 2.5 ಮಿ.ಮೀ. ಇದೆ (19ರಲ್ಲಿ 14 ಕಳೆದು ಅರ್ಧ). 2 ಮಿ.ಮೀ. ಕೊಯ್ದು ನಿಲ್ಲಿಸಿ, ಉಳಿದ ಅರ್ಧ ಮಿ.ಮೀ. ತಾನೇ ಬಿರಿಯುತ್ತೆ. ನಾಲ್ಕೈದು ಎಳೆತಕ್ಕೊಮ್ಮೆ ಬ್ಲೇಡನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಬರೀ ಕಪ್ಪು ಪುಡಿ ಇದ್ದರೆ ಮುಂದುವರಿಸಿ. ಅದರ ನಡುವೆ ಬೆಳ್ಳಿ ಮಿನುಗು ಕಂಡಿತೋ ಅಲ್ಯೂಮಿನಿಯಂ ಮುಟ್ಟಿದ್ದೀರಿ, ತಕ್ಷಣ ನಿಲ್ಲಿಸಿ.

ಮೊದಲ ಸೀಳಿನಿಂದ 8–10 ಮಿ.ಮೀ. ದೂರದಲ್ಲಿ ಎರಡನೇ ಸೀಳು. ಆ ಎರಡರ ನಡುವಿನ ಪಟ್ಟಿಗೆ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಸೀಳಿನಲ್ಲಿಟ್ಟು ತಿರುಚಿ, ಪಟ್ಟಿ ಒಳಮುಖವಾಗಿ ಮಡಚಲಿ. ಅದು ಬಂದಮೇಲೆ ಉಳಿದ ಉಂಗುರಕ್ಕೆ ಬಿಗಿಯೇ ಇರಲ್ಲ, ನೋಸ್ ಪ್ಲೇಯರ್‌ನಿಂದ ಒಳಕ್ಕೆ ಅಮುಕಿ ಹೊರಗೆಳೆಯಿರಿ. ಮೊಂಡನ್ನು ಒಳಕ್ಕೆ ತಳ್ಳುವ ಯಾವ ಕೆಲಸವೂ ಬೇಡ, ಸುತ್ತಿಗೆ ಪೆಟ್ಟಂತೂ ಬೇಡ.

ಟ್ಯಾಪ್_ಮತ್ತು_ಡೈ:

ಸೀಳೋದು ಸರಿ. ಆದರೆ ಫೈರ್‌ವಾಲ್ ಅಷ್ಟು ಹತ್ತಿರ ಇದ್ದರೆ ಬ್ಲೇಡ್ ಎಳೆಯೋಕೆ ಜಾಗ ಸಿಗೋದು ಕಷ್ಟ. ನಿಮ್ಮ ಅಳತೆಗೆ ಇನ್ನೊಂದು ದಾರಿ ಚೆನ್ನಾಗಿ ಹೊಂದುತ್ತೆ.

ತೂತಿನೊಳಗೆ ಥ್ರೆಡ್ ಕೊಯ್ಯುವ ಹತ್ಯಾರಕ್ಕೆ ಟ್ಯಾಪ್ ಅಂತಾರೆ. ಎಂ16 × 2 ಟ್ಯಾಪ್‌ಗೆ (16 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 2 ಮಿ.ಮೀ. ಮುಂದಕ್ಕೆ) ಬೇಕಾದ ತೂತು 14 ಮಿ.ಮೀ. ನಿಮ್ಮ ಮೊಂಡಿನ ಒಳವ್ಯಾಸ ಅಷ್ಟೇ ಇದೆ, ಡ್ರಿಲ್ ಮಾಡೋ ಕೆಲಸವೇ ಇಲ್ಲ. ಥ್ರೆಡ್ ಒಂದೊಂದು ಕಡೆ 1 ಮಿ.ಮೀ. ತಿಂದರೂ 1.5 ಮಿ.ಮೀ. ಗೋಡೆ ಉಳಿಯುತ್ತೆ. ಸೆಟ್‌ನ ಮೊದಲನೇ ಟ್ಯಾಪ್ ಬೇಡ. ಅದರ ಮೂತಿ ಉದ್ದಕ್ಕೆ ಇಳಿಜಾರು, ಪೂರ್ತಿ ಥ್ರೆಡ್ ಶುರುವಾಗೋ ಹೊತ್ತಿಗೆ ನಿಮ್ಮ 20 ಮಿ.ಮೀ. ಆಳ ಮುಗಿದಿರುತ್ತೆ. ಎರಡನೇ ಟ್ಯಾಪನ್ನೇ ನೇರ ಹಾಕಿ, ಪ್ಲಾಸ್ಟಿಕ್ ಆದ್ದರಿಂದ ಕಚ್ಚುತ್ತೆ. ಟ್ಯಾಪಿನ ತೋಡುಗಳಲ್ಲಿ ಸಿಲಿಕೋನ್ ಗ್ರೀಸ್ ತುಂಬಿ, ಪುಡಿ ಅದಕ್ಕೇ ಅಂಟಿಕೊಂಡು ಬರುತ್ತೆ. ಮಾಮೂಲಿ ಗ್ರೀಸ್, ಡಬ್ಲ್ಯೂಡಿ-40 ಇಲ್ಲಿ ಬೇಡ. ಕೂಲಂಟ್ ಹೋಸ್ ಮತ್ತು ಓ-ರಿಂಗ್ ಇಪಿಡಿಎಂ ರಬ್ಬರ್, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತೆ.

ಐದಾರು ಸುತ್ತು ಸಾಕು, ಅಂದರೆ 10–12 ಮಿ.ಮೀ. ಟ್ಯಾಪ್ ತಿರುಗಿಸುವಾಗ ಮೊಂಡೂ ಜೊತೆಗೆ ತಿರುಗಿತಾ, ಅದೇ ಒಳ್ಳೇ ಸುದ್ದಿ: ಕಿಲುಬು ಬಿಟ್ಟಿದೆ, ಓ-ರಿಂಗ್ ಮಾತ್ರ ಹಿಡಿದಿದೆ. ಟ್ಯಾಪ್ ಹಿಡಿಯನ್ನೇ ಹಿಡಿದು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ಆಡಿಸುತ್ತಾ ನೇರ ಹೊರಗೆಳೆಯಿರಿ. ಪಕ್ಕಕ್ಕೆ ವಾಲಿಸಬೇಡಿ.

ತಿರುಗದೆ ಕೂತಿದ್ದರೆ ಟ್ಯಾಪ್ ತೆಗೆದು, ಪೂರ್ತಿ ಥ್ರೆಡ್ ಇರುವ ಎಂ16 ಬೋಲ್ಟ್ ಅಥವಾ ಸ್ಟಡ್ ತಗೊಳ್ಳಿ. ಅದರ ಮೇಲೆ ನಟ್, ದಪ್ಪ ವಾಷರ್, ಮತ್ತೆ ಒಳವ್ಯಾಸ 21–22 ಮಿ.ಮೀ. ಇರುವ ಪೈಪ್ ತುಂಡು. ಪೈಪ್ ತುಂಡಿನ ಬಾಯಿ ಹೌಸಿಂಗ್ ಮುಖದ ಮೇಲೆ ಕೂರಬೇಕು, ಮೊಂಡು ಅದರೊಳಗೆ ಬರಬೇಕು. ಬೋಲ್ಟನ್ನು ಮೊಂಡಿನ ಥ್ರೆಡ್‌ಗೆ ಐದು ಸುತ್ತು ಹಾಕಿ. ಥ್ರೆಡ್ ಮುಗಿದ ಮೇಲೂ ಬಲವಂತ ಮಾಡಿದರೆ ಮೊಂಡು ಹಿಗ್ಗಿ ಗೋಡೆಗೆ ಇನ್ನಷ್ಟು ಒತ್ತುತ್ತೆ. ಈಗ ಬೋಲ್ಟ್ ತಲೆ ಹಿಡಿದುಕೊಂಡು ನಟ್ ಮಾತ್ರ ಬಿಗಿ ಮಾಡಿ, ಮೊಂಡು ನೇರ ಎದ್ದು ಬರುತ್ತೆ. ಸಣ್ಣ ಸ್ಪ್ಯಾನರ್‌ಗೆ ಬೆರಳ ಬಲ ಸಾಕಾಗಬೇಕು. ಅದಕ್ಕಿಂತ ಜಾಸ್ತಿ ಬೇಕಾಯ್ತು ಅಂದ್ರೆ ಎಲ್ಲೋ ಕ್ಲಿಪ್ ಉಳಿದಿದೆ, ಮತ್ತೆ ಹುಡುಕಿ.

ಒಂದು ಎಚ್ಚರಿಕೆ. ಓ-ರಿಂಗ್ ತೋಡು ಇರುವ ಕಡೆ ಗೋಡೆ ತೆಳು. ಎಳೆಯುವಾಗ ಅಲ್ಲೇ ತುಂಡಾಗಿ ಒಳತುದಿಯ ಒಂದು ಉಂಗುರ ಉಳಿಯಬಹುದು. ಅದಕ್ಕೆ ಯಾವ ಹಿಡಿತವೂ ಇರಲ್ಲ, ಬೆರಳು ತಾಗಿದರೂ ಒಳಗೆ ಜಾರುತ್ತೆ. ತಂತಿಯ ತುದಿ ಎಲ್ ಆಕಾರ ಬಗ್ಗಿಸಿ, ಹಿಂದಿನಿಂದ ಸಿಕ್ಕಿಸಿ ಎಳೆಯಿರಿ.

ಹಳೇ_ಗ್ಯಾಸ್ಕೆಟ್:

ಈಸಿ-ಔಟ್ ಬಗ್ಗೆ ಯಾರೂ ಉತ್ತರಿಸಲಿಲ್ಲ. ಪ್ಲಾಸ್ಟಿಕ್ ಮೊಂಡಿಗೆ ಸುರುಳಿ ಈಸಿ-ಔಟ್ ಹಾಕಬೇಡಿ. ಅದು ಮೊನೆಯಿಂದ ಬುಡಕ್ಕೆ ದಪ್ಪಗಾಗುವ ಬೆಣೆ. ಗಟ್ಟಿ ಬೋಲ್ಟ್‌ನ ನಡುವೆ ಸಣ್ಣ ತೂತು ಕೊರೆದು ಹಾಕಿದರೆ ಸರಿ, ಸುತ್ತ ದಪ್ಪ ಲೋಹ ಇರುತ್ತೆ. ತೆಳು ಗೋಡೆಯ ಕೊಳವೆಗೆ ಹಾಕಿದರೆ ಅದು ತಿರುಗಿಸೋದಕ್ಕಿಂತ ಹೆಚ್ಚಾಗಿ ಹಿಗ್ಗಿಸುತ್ತೆ. ಮೊಂಡು ನಾಲ್ಕು ಹೋಳಾಗಿ, ಒಂದು ಹೋಳು ಒಳಗೆ ಬೀಳುತ್ತೆ. ಎಪಾಕ್ಸಿಯಲ್ಲಿ ಬೋಲ್ಟ್ ಅಂಟಿಸಿ ಎಳೆಯೋ ಉಪಾಯವೂ ಓಡಾಡ್ತಿದೆ. ಕೂಲಂಟ್ ನೆನೆದ ನೈಲಾನ್‌ಗೆ ಅಂಟು ಹಿಡಿಯೋದೇ ಅನುಮಾನ, ಸೋರಿದ ಅಂಟು ಮೊಂಡನ್ನು ಹೌಸಿಂಗ್‌ಗೇ ಬೆಸೆದರೆ ಇನ್ನೂ ಚೆಂದ!

ಇದನ್ನು ಓದುವ ಬೇರೆಯವರ ಕನೆಕ್ಟರ್ ಲೋಹದ್ದೂ ಥ್ರೆಡ್ ಇರುವುದೂ ಆಗಿದ್ದರೆ ಕಥೆ ಪೂರ್ತಿ ಬೇರೆ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೋ ವಾಟರ್ ಪಂಪ್‌ಗೋ ತಿರುಗಿಸಿ ಹಾಕಿದ ಕ್ವಿಕ್ ಕನೆಕ್ಟರ್‌ಗಳು ಕೆಲವು ಸತುವಿನ ಮಿಶ್ರಲೋಹದ ಎರಕ. ಒಳಗಿಂದ ಕೊಳೆತು, ಸ್ಪ್ಯಾನರ್ ಹಾಕಿದ ಕೂಡಲೇ ಷಟ್ಕೋನ ಕಳಚಿಬಂದು ಥ್ರೆಡ್ ಒಳಗುಳಿಯುತ್ತೆ. ಅದಕ್ಕೂ ಸುರುಳಿ ಬೇಡ. ಒಳಗಿಂದ ಹಿಡಿಯುವ, ಕ್ಯಾಮ್ ಇರುವ ನಿಪ್ಪಲ್ ಎಕ್ಸ್‌ಟ್ರಾಕ್ಟರ್ ಒಂದು ಸಲ ನೋಡಿ. ಸುತ್ತಲಿನ ಲೋಹಕ್ಕೆ ಹೀಟ್ ಗನ್ ಹಿಡಿದು, ಥ್ರೆಡ್ ಅಂಚಿಗೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ಹೋಸ್ ಕಡೆ ಎಣ್ಣೆ ಹೋಗದಂತೆ ಬಟ್ಟೆ ಸುತ್ತಿ. ಗ್ಯಾಸ್ ಟಾರ್ಚ್ ಹಿಡಿದರೆ ಸತುವಿನ ಮಿಶ್ರಲೋಹ 400 ಡಿಗ್ರಿ ಆಸುಪಾಸಿನಲ್ಲೇ ಕರಗಿ ಥ್ರೆಡ್ ತುಂಬ ಹರಡುತ್ತೆ.

ಅದೂ ಬಗ್ಗದಿದ್ದರೆ ಬ್ಲೇಡ್‌ನಿಂದ ಉದ್ದಕ್ಕೆ ಎರಡು ಸೀಳು. ಇಲ್ಲಿ ನಿಲ್ಲಿಸೋ ಗುರುತು ಬೇರೆ: ಸೀಳಿನ ತಳದಲ್ಲಿ ಅಡ್ಡಡ್ಡ ಸಣ್ಣ ಗೆರೆಗಳು ಏಣಿಯ ಮೆಟ್ಟಿಲಿನಂತೆ ಕಾಣತೊಡಗಿದರೆ ಹೌಸಿಂಗ್‌ನ ಥ್ರೆಡ್ ತುದಿ ಬಂತು ಅಂತ ಲೆಕ್ಕ. ಸಣ್ಣ ಚಾಣದಿಂದ ನಡುವಿನ ಪಟ್ಟಿಯನ್ನು ಒಳಕ್ಕೆ ಮಡಚಿ. ಆಮೇಲೆ ಅದೇ ಅಳತೆಯ ಟ್ಯಾಪ್‌ನಿಂದ ಥ್ರೆಡ್ ತೊಳೆದ ಹಾಗೆ ಒಮ್ಮೆ ಓಡಿಸಿ ಸಾಕು. ಪೈಪ್ ಥ್ರೆಡ್ ಇಳಿಜಾರಿನದ್ದು, ಟ್ಯಾಪ್ ಆಳಕ್ಕೆ ಹೋದಷ್ಟೂ ತೂತು ದೊಡ್ಡದಾಗುತ್ತೆ, ಹೊಸ ಕನೆಕ್ಟರ್ ಬಿಗಿಯಾಗೋ ಮೊದಲೇ ತಳ ಮುಟ್ಟುತ್ತೆ.

ಅಳತೆಯಲ್ಲಿ ಜನ ಮೋಸ ಹೋಗೋದು ಇಲ್ಲೇ: ಅರ್ಧ ಇಂಚಿನ ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್), ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್) ಎರಡರಲ್ಲೂ ಇಂಚಿಗೆ 14 ಥ್ರೆಡ್. ಒಂದರ ಕೋನ 60 ಡಿಗ್ರಿ, ಇನ್ನೊಂದರದ್ದು 55. ಕೈಯಲ್ಲಿ ತಿರುಗಿಸಿದರೆ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗುತ್ತೆ, ಬಿಸಿಯಾದ ಮೇಲೆ ಸೋರುತ್ತೆ. ಥ್ರೆಡ್ ಗೇಜ್ ಇಟ್ಟು ನೋಡದೆ ಹಾಕಬೇಡಿ. ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು, ಮೊದಲ ಥ್ರೆಡ್ ಖಾಲಿ ಬಿಟ್ಟು. ಕೈಬಿಗಿ ಆದಮೇಲೆ ಒಂದೂವರೆಯಿಂದ ಎರಡು ಸುತ್ತು. ಅಲ್ಯೂಮಿನಿಯಂಗೆ ಅದಕ್ಕಿಂತ ಜಾಸ್ತಿ ಬಿಗಿದರೆ ಎರಕವೇ ಸೀಳುತ್ತೆ.

ಹಸಿರು_ಬಾನೆಟ್:

ತುಂಬಾ ಥ್ಯಾಂಕ್ಸ್. ಕ್ಲಿಪ್ ಇರಲಿಲ್ಲ. ಎಂ16 ಎರಡನೇ ಟ್ಯಾಪ್ ಹಾಕಿದಾಗ ಮೂರನೇ ಸುತ್ತಿಗೇ ಮೊಂಡು ಜೊತೆಗೆ ತಿರುಗಿತು, ಹಾಗೇ ಆಡಿಸಿ ಎಳೆದರೆ ಬಂತು. ಎರಡು ಭಾಗ ಜೋಡಿಸಿ ನೋಡಿದರೆ ಒಳತುದಿ ಅಂಚಿನಲ್ಲಿ ಸುಮಾರು 5 × 8 ಮಿ.ಮೀ. ಚೂರು ಕಾಣ್ತಿಲ್ಲ. ಎಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ. ತೂತಿನ ಒಳಗೋಡೆಯಲ್ಲಿ ಉದ್ದಕ್ಕೆ ಒಂದು ಗೀರೂ ಇದೆ.

ಸ್ಪ್ಯಾನರ್_13:

ಜೋಡಿಸಿ ನೋಡಿದ್ದು ಒಳ್ಳೇದಾಯ್ತು. ಸ್ಟಾರ್ಟ್ ಮಾಡದೇ ಇದ್ದದ್ದು ಇನ್ನೂ ಒಳ್ಳೇದು.

ಮೊದಲು ಇಳಿಸಿದ ಕೂಲಂಟನ್ನು ತೆಳುಬಟ್ಟೆಯಲ್ಲಿ ಸೋಸಿ. ಅದರಲ್ಲಿ ಇಲ್ಲದಿದ್ದರೆ ಚೂರು ಹೆಚ್ಚಾಗಿ ಆ ತೂತಿನ ಕೆಳಗೇ ಬಿದ್ದಿರುತ್ತೆ. ಗಾಜಿನ ನಾರಿನ ನೈಲಾನ್ ಕೂಲಂಟ್‌ಗಿಂತ ಭಾರ, ಹಾಗಾಗಿ ತೇಲಲ್ಲ, ಮುಳುಗುತ್ತೆ. ಮೊಬೈಲ್‌ಗೆ ಸಿಕ್ಕಿಸುವ 5.5 ಮಿ.ಮೀ. ಬೋರ್‌ಸ್ಕೋಪ್ (ತಂತಿ ತುದಿಯ ಪುಟ್ಟ ಕ್ಯಾಮೆರಾ) ಇಳಿಬಿಟ್ಟು ದಾರಿಯ ತಳ ನೋಡಿ. ಕಂಡರೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ 8–10 ಮಿ.ಮೀ. ಕೊಳವೆ ಟೇಪ್ ಸುತ್ತಿ ಕೂರಿಸಿ ಹೀರಿ. ವೆಟ್ ವ್ಯಾಕ್ಯೂಮ್ ಇರಬೇಕು, ಒಣ ಕಸದ್ದಕ್ಕೆ ನೀರು ಹೋದರೆ ಮೋಟಾರ್ ಹೋಗುತ್ತೆ. ಮ್ಯಾಗ್ನೆಟ್ ಪ್ರಯೋಜನವಿಲ್ಲ. ಕೊಳವೆ ತುದಿ ಓರೆಯಾಗಿ ಕತ್ತರಿಸಿಕೊಂಡರೆ ತಳಕ್ಕೆ ಅಂಟಿ ಮುಚ್ಚಿಕೊಳ್ಳಲ್ಲ.

ಸಿಗಲೇ ಇಲ್ಲ ಅಂದರೆ ಅದು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಬೇಕು. ನಿಮ್ಮದು ಔಟ್‌ಲೆಟ್, ಹರಿವು ಎಂಜಿನ್‌ನಿಂದ ಹೊರಕ್ಕೆ. ಹೀಟರ್ ಕಡೆ ಹೋದರೆ ಹೀಟರ್ ಕೋರ್ (ಕ್ಯಾಬಿನ್ ಬಿಸಿ ಮಾಡೋ ಪುಟ್ಟ ರೇಡಿಯೇಟರ್) ಬಾಯಲ್ಲೇ ನಿಲ್ಲುತ್ತೆ, ಅದರ ನಾಳಗಳೊಳಗೆ 5 ಮಿ.ಮೀ. ಚೂರು ನುಗ್ಗಲ್ಲ. ಆಮೇಲೆ ಹೀಟರ್‌ನ ಎರಡೂ ಹೋಸ್ ಕಳಚಿ, ವಾಪಸ್ ಬರುವ ಪೈಪ್‌ನಿಂದ ಉಲ್ಟಾ ನೀರು ಬಿಟ್ಟರೆ ಬರುತ್ತೆ. ನಲ್ಲಿ ಅರ್ಧ ತೆರೆದ ರಭಸ ಸಾಕು, ಕಂಪ್ರೆಸರ್ ಗಾಳಿ ನೇರ ಕೊಟ್ಟರೆ ಕೋರ್ ಒಡೆಯುತ್ತೆ. ರೇಡಿಯೇಟರ್ ಕಡೆ ಹೋದರೆ ಮೇಲಿನ ಹೋಸ್‌ನ ರೇಡಿಯೇಟರ್ ತುದಿಯಲ್ಲಿ ನೈಲಾನ್ ಕಾಲುಚೀಲದ ತುಂಡನ್ನು ಜಾಲರಿಯಂತೆ ಕೂರಿಸಿ, ಒಂದೆರಡು ಸಲ ಎಂಜಿನ್ ಬಿಸಿ ಮಾಡಿ, ತಣ್ಣಗಾದ ಮೇಲೆ ಬಿಚ್ಚಿ ನೋಡಬಹುದು. ಅದನ್ನು ಅಲ್ಲೇ ಮರೆತು ಬಿಡಬೇಡಿ. ಥರ್ಮೋಸ್ಟಾಟ್ ಅದೇ ಔಟ್‌ಲೆಟ್‌ನಲ್ಲಿದ್ದರೆ ಚೂರು ಅದರ ವಾಲ್ವ್ ಮತ್ತು ಸೀಟ್ ನಡುವೆ ಸಿಕ್ಕಿಕೊಳ್ಳಬಹುದು. ಆಗ ವಾಲ್ವ್ ಪೂರ್ತಿ ಮುಚ್ಚಲ್ಲ, ಎಂಜಿನ್ ಬಿಸಿಯಾಗೋಕೆ ಬಹಳ ಹೊತ್ತು ತಗೊಳ್ಳುತ್ತೆ. ಗೇಜ್ ಮುಳ್ಳು ಮಾಮೂಲಿಗಿಂತ ಕೆಳಗೇ ನಿಂತರೆ ಮೊದಲು ಥರ್ಮೋಸ್ಟಾಟ್ ಬಿಚ್ಚಿ.

ಕನೆಕ್ಟರ್ ವಾಟರ್ ಪಂಪ್ ಹೀರುವ ಬದಿಯಲ್ಲಿದ್ದಿದ್ದರೆ ಹುಡುಕದೆ ಸ್ಟಾರ್ಟ್ ಮಾಡಲೇಬೇಡಿ ಅಂತಿದ್ದೆ. ಚೂರು ನೇರ ಇಂಪೆಲ್ಲರ್‌ಗೆ (ಪಂಪಿನೊಳಗೆ ತಿರುಗುವ ರೆಕ್ಕೆ ಚಕ್ರ) ಹೋಗುತ್ತೆ.

ಟ್ಯಾಪ್_ಮತ್ತು_ಡೈ:

ಗೀರಿನ ವಿಷಯ. ಸುತ್ತುಗೀರು ಇದ್ದಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಉದ್ದಗೀರು ಹಾಗಲ್ಲ, ಓ-ರಿಂಗ್ ಕೆಳಗಿನಿಂದ ಕೂಲಂಟ್‌ಗೆ ಕಾಲುವೆ ಮಾಡಿಕೊಡುತ್ತೆ. ಉಗುರು ಅಡ್ಡಲಾಗಿ ಎಳೆಯಿರಿ. ಉಗುರಿಗೆ ಸಿಕ್ಕದಿದ್ದರೆ 600 ನಂಬರ್ ವಾಟರ್ ಪೇಪರ್ ಒದ್ದೆ ಮಾಡಿ, ಬೆರಳಿಗೆ ಸುತ್ತಿ, ತೂತಿನ ಸುತ್ತಳತೆ ದಿಕ್ಕಿನಲ್ಲೇ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ. ಒಳಗೆ ದಾರ ಕಟ್ಟಿದ ಬಟ್ಟೆ ತುರುಕಿರಲಿ, ದಾರದ ತುದಿ ಹೊರಗೆ. ಉಗುರು ಸಿಕ್ಕಿಕೊಂಡರೆ, ಅದೂ ಓ-ರಿಂಗ್ ಕೂರುವ ಜಾಗದಲ್ಲೇ ಆದರೆ, ಹೌಸಿಂಗ್ ಬದಲಿಸೋದೇ ಸರಿ. ಸಿಲಿಕೋನ್ ಸೀಲಂಟ್ ಮೆತ್ತಿ ಮುಚ್ಚೋದು ಬೇಡ: ಅದು ಓ-ರಿಂಗನ್ನು ತೋಡಿನಲ್ಲಿ ಅದರ ಪಾಡಿಗೆ ಕೂರೋಕೆ ಬಿಡಲ್ಲ, ಹಿಂಡಿ ಹೊರಬಂದ ಎಳೆ ಕಿತ್ತು ಹೀಟರ್ ಕೋರ್‌ಗೆ ಹೋಗುತ್ತೆ.

ಓ-ರಿಂಗ್ ಇಪಿಡಿಎಂ ಆಗಿರಲಿ. ಡಬ್ಬಿಯಲ್ಲಿ ಬಗೆಬಗೆ ಅಳತೆ ತುಂಬಿ ಮಾರುವ ಕಪ್ಪು ಓ-ರಿಂಗ್ ಸೆಟ್‌ಗಳು ಬಹುತೇಕ ಎನ್‌ಬಿಆರ್ (ನೈಟ್ರೈಲ್ ರಬ್ಬರ್). ಎಣ್ಣೆಗೆ ಸೈ, 100 ಡಿಗ್ರಿ ಕೂಲಂಟ್‌ನಲ್ಲಿ ಬೇಗ ಗಟ್ಟಿಯಾಗುತ್ತವೆ. ಹಾಕುವಾಗ ಸಿಲಿಕೋನ್ ಗ್ರೀಸ್ ಅಥವಾ ಕೂಲಂಟನ್ನೇ ಸವರಿ. ತೂತಿನ ಬಾಯಿ ಅಂಚು ಚೂಪಾಗಿದ್ದರೆ ಪೇಪರ್‌ನಿಂದ ಮುರಿಯಿರಿ, ಇಲ್ಲದಿದ್ದರೆ ಕೂರಿಸುವಾಗಲೇ ಓ-ರಿಂಗ್ ಕೊಯ್ದುಹೋಗುತ್ತೆ. ಅದೇ ಅಳತೆಯ ಅಲ್ಯೂಮಿನಿಯಂ ಕನೆಕ್ಟರ್ ಸಿಕ್ಕರೆ ಅದನ್ನೇ ಹಾಕಿ. ಜನರಲ್ ಮೋಟರ್ಸ್‌ನ 3800 ವಿ6 ಎಂಜಿನ್‌ನ ಪ್ಲಾಸ್ಟಿಕ್ ಕೂಲಂಟ್ ಎಲ್ಬೋ (ಬಾಗಿದ ಕೊಳವೆ) ಇದೇ ಥರ ಮುರಿಯೋದಕ್ಕೆ ಹೆಸರಾದದ್ದು, ಅದಕ್ಕೆ ಲೋಹದ ಬದಲಿ ಸಿಗುತ್ತೆ.

ಹಸಿರು_ಬಾನೆಟ್:

ಗೀರು ಉಗುರಿಗೆ ಸಿಕ್ತಿಲ್ಲ. ಚೂರು ಹೌಸಿಂಗ್ ತಳದಲ್ಲೇ ಇತ್ತು, ಹೀರಿ ತೆಗೆದೆ. ಕೂಲಂಟ್ ತುಂಬಿ ನೇರ ಓಡಿಸಬಹುದಾ?

ಹಳೇ_ಗ್ಯಾಸ್ಕೆಟ್:

ಓಡಿಸೋ ಮೊದಲು ತಣ್ಣಗಿರುವಾಗಲೇ ಪ್ರೆಶರ್ ಟೆಸ್ಟ್ ಮಾಡಿ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವ ಒತ್ತಡ, ಸಾಮಾನ್ಯವಾಗಿ 0.9 ಅಥವಾ 1.1 ಬಾರ್, ಅಷ್ಟಕ್ಕೇ ಕೈಪಂಪ್ ಹೊಡೆದು 15 ನಿಮಿಷ ಬಿಡಿ. ಮುಳ್ಳು ಇಳಿಯಬಾರದು, ಕನೆಕ್ಟರ್ ಕೆಳಗೆ ಇಟ್ಟ ಟಿಶ್ಯೂ ಪೇಪರ್ ಒದ್ದೆಯಾಗಬಾರದು. ಹೌಸಿಂಗ್ ಎಂಜಿನ್ ಹಿಂದೆ ಇರೋದರಿಂದ ಸಣ್ಣ ಸೋರಿಕೆ ಬೆಲ್‌ಹೌಸಿಂಗ್ (ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಕವಚ) ಮೇಲೆ ಇಳಿದು ಅಲ್ಲೇ ಆರಿಹೋಗುತ್ತೆ, ನೆಲದ ಮೇಲೆ ಏನೂ ಕಾಣಲ್ಲ. ಅದಕ್ಕೇ ಪೇಪರ್.

ತಯಾರಕರು ಹೇಳಿದ ಜಾತಿಯ ಕೂಲಂಟ್, ಡಿಸ್ಟಿಲ್ಡ್ ನೀರು, ಅರ್ಧಕ್ಕರ್ಧ. ಹೀಟರ್ ಗುಬ್ಬಿ ಪೂರ್ತಿ ಬಿಸಿಗಿಟ್ಟು, ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಬಿಡೋ ತಿರುಪು) ಇದ್ದರೆ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನಕ್ಕೆ ತುಂಬಿ. ಬ್ಲೀಡ್ ಸ್ಕ್ರೂ ಇಲ್ಲದಿದ್ದರೆ ವಾಹನದ ಮೂತಿ ಎತ್ತರದಲ್ಲಿ ನಿಲ್ಲಿಸಿ ತುಂಬಿ. ಗಾಳಿ ಉಳಿದರೆ ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತೆ. ಟೆಂಪರೇಚರ್ ಸೆನ್ಸರ್ ಗಾಳಿಗುಳ್ಳೆಯಲ್ಲಿ ಕೂತಿದ್ದರೆ ಎಂಜಿನ್ ಕಾಯ್ದರೂ ಗೇಜ್ ಸುಮ್ಮನಿರುತ್ತೆ. ಫ್ಯಾನ್ ಒಮ್ಮೆ ಚಾಲೂ ಆಗುವವರೆಗೆ ಪಕ್ಕದಲ್ಲೇ ನಿಂತಿರಿ, ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆದು ಮಟ್ಟ ನೋಡಿ ತುಂಬಿ. ಸ್ಪ್ರಿಂಗ್ ಕ್ಲಿಪ್ ಇದ್ದ ಕಡೆ ಸ್ಪ್ರಿಂಗ್ ಕ್ಲಿಪ್ಪನ್ನೇ ವಾಪಸ್ ಹಾಕಿ. ಹೊಸ ಕನೆಕ್ಟರೂ ಪ್ಲಾಸ್ಟಿಕ್ಕೇ ಆಗಿದ್ದರೆ, ಸ್ಕ್ರೂ ಕ್ಲಿಪ್ ಅತಿಯಾಗಿ ಬಿಗಿದಾಗ ಕೊಳವೆ ಕ್ಲಿಪ್ ಕೆಳಗೇ ಬಿರಿಯುತ್ತೆ. ಮುಂದಿನ ಸಲ ಹೋಸ್ ಬಿಡಿಸುವಾಗ ತಿರುಚಿ ಎಳೆಯಬೇಡಿ, ಹೋಸನ್ನು ಉದ್ದಕ್ಕೆ ಬ್ಲೇಡ್‌ನಲ್ಲಿ ಸೀಳಿ ಸುಲಿದುಬಿಡಿ.